ಪುಕ್ಕಟೆ ಪಾಠ ಓದಲಿಕ್ಕೂ ಖರ್ಚಿದೆ



ವೈದ್ಯಕೀಯ ನೆರವಿನ ಮನವಿಯಲ್ಲಿ ದಂತವೈದ್ಯ ವಿದ್ಯಾರ್ಥಿಗಳ ಟ್ಯಾಬ್ ಏಕೆ ಬಂತು, ಎಲ್ಲ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದಲ್ಲ ಎಂದು ಕೆಲವು ಹಿರಿಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿಯೇ ತಲೆ ನರೆತವನು ನಾನು. ಹಣ ಎಲ್ಲಿಗೆ ಹೋಗುತ್ತದೆಂದು ಕೇಳಲೇಬೇಕು.

ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷವೇ ಮೇಣದ ತುಂಡು ಕೆತ್ತಿ ಹಲ್ಲು ಮಾಡಬೇಕು. ತರಗತಿಯಲ್ಲಿ ನೂರು ಮಕ್ಕಳಿದ್ದರೆ, ಕೆತ್ತಿ ತೋರಿಸುವ ಮೇಷ್ಟ್ರ ಬೆನ್ನಷ್ಟೇ ಹಿಂದಿನವರಿಗೆ ಕಾಣುವುದು. ವಿಡಿಯೊ ಆದರೆ, ದವಡೆ ಹಲ್ಲಿನ ಗುಳಿ ಎಲ್ಲಿ ಬರುತ್ತದೆಂದು ರಾತ್ರಿ ಹತ್ತು ಸಲ ನಿಲ್ಲಿಸಿ ನೋಡಬಹುದು. ಕನ್ನಡ ಮಾಧ್ಯಮದಿಂದ ಹೋದ ಮಗುವಿಗಂತೂ ದೊಡ್ಡ ಆಸರೆ. ಇಂಗ್ಲಿಷ್ ಪದ ತಿಳಿಯದೆ ಹಿಂದಕ್ಕೆ ಹೋಗಿ ಕೇಳಿಸಿಕೊಂಡರೆ ಯಾರೂ ನಗುವುದಿಲ್ಲ. ಆದರೆ ಕೆತ್ತಿದ್ದು ಸರಿಯೇ ಎಂದು ವಿಡಿಯೊ ಹೇಳಲಾರದು. ಅದಕ್ಕೆ ಮೇಷ್ಟ್ರೇ ಬೇಕು.

ಇನ್ನು ಓದುವ ಸಾಮಗ್ರಿ. ಊರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ನಡೆಸುತ್ತದೆ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಸಂಶೋಧನಾ ಪತ್ರಿಕೆಗಳು. ಸಂತೋಷ. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ. ನಮ್ಮ ದೇಶದ ದಂತ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಅಲ್ಲಿನವರಿಗೆ ತಮ್ಮ ಕಾಲೇಜು ತರಿಸಿದಷ್ಟೇ ಗತಿ, ಜೊತೆಗೆ ಅಮೆರಿಕದವರು 2000ನೇ ಇಸವಿಯಿಂದ ಎಲ್ಲರಿಗೂ ತೆರೆದಿಟ್ಟಿರುವ ಪಬ್‌ಮೆಡ್ ಸೆಂಟ್ರಲ್.

ಅದನ್ನಾದರೂ ಓದುವುದು ಯಾವುದರಲ್ಲಿ? ಅಂಗೈಯಗಲದ ಮೊಬೈಲಿನಲ್ಲಿ ಎಕ್ಸ್‌ರೇ ನೋಡಿದರೆ ಹುಳುಕಿನ ಸಣ್ಣ ನೆರಳು ಕಣ್ಣಿಗೇ ಬೀಳುವುದಿಲ್ಲ. ಗುರುಗ್ರಾಮದಲ್ಲಿ ಪಿಜಿ ಬಾಡಿಗೆ, ಶುಲ್ಕ, ಉಪಕರಣ ಎಲ್ಲ ಕಟ್ಟಿದ ತಂದೆತಾಯಿಗೆ ಟ್ಯಾಬ್ ಕೊನೆಯ ಸಾಲಿನ ಖರ್ಚು.

ಆದ್ದರಿಂದ ನಮ್ಮ ಏರ್ಪಾಡು ಹೀಗೆ. ರೋಗಿಗಳ ನೆರವಿನ ಹಣದಿಂದ ಒಂದು ಪೈಸೆಯೂ ಇದಕ್ಕಿಲ್ಲ, ಖಾತೆಯೇ ಬೇರೆ. ಟ್ಯಾಬ್ ಸಂಘದ ಹೆಸರಿನಲ್ಲಿರುತ್ತದೆ. ಓದು ಮುಗಿದ ಮೇಲೆ ಹಿಂದಿರುಗಿಸಬೇಕು, ಮುಂದಿನ ಮಗುವಿಗೆ ಹೋಗುತ್ತದೆ. ಮನೆಯಲ್ಲಿ ಬಳಸದೆ ಇಟ್ಟಿರುವ ಒಳ್ಳೆಯ ಟ್ಯಾಬ್ ಇದ್ದರೂ ಕೊಡಿ. ಚಾರ್ಜರ್ ಸಮೇತ, ದಯವಿಟ್ಟು. ರಸೀದಿಯನ್ನು ಖಜಾಂಚಿಯವರು ಈಗಲೇ ಬರೆದುಕೊಡುತ್ತಾರೆ, ಅವರ ಮೇಜು ಬಾಗಿಲ ಪಕ್ಕದಲ್ಲಿದೆ.