ಬೆಳೆಯದ ಹತ್ತಿಗೆ ಬಂದ ಹಣ



ಸಬ್ಸಿಡಿ ಎಂದೊಡನೆ ಎಷ್ಟು ಹಣ ಬಂತು ಎಂದು ಕೇಳುವುದು ವಾಡಿಕೆ. ಯಾರ ಹೆಸರಿಗೆ ಬಂತು, ಯಾವ ಅಳತೆಯ ಮೇಲೆ ಬಂತು ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸನ್‌ಫ್ಲವರ್ ಕೌಂಟಿಯಲ್ಲಿ ಸ್ಪಷ್ಟ ಉತ್ತರ ದೊರೆಯುತ್ತದೆ. ಕೌಂಟಿ ಎಂದರೆ ಇಲ್ಲಿನ ಜಿಲ್ಲೆಯಂಥದು. ನದಿಯ ನೆರೆ ತಂದು ಹಾಕಿದ ಮೆಕ್ಕಲುಮಣ್ಣಿನ ಬಯಲು. ಗುಡ್ಡವೆಂಬುದೇ ಕಣ್ಣಿಗೆ ಬೀಳದು. ಹತ್ತಿಯೇ ಅಲ್ಲಿನ ಮುಖ್ಯ ಬೆಳೆಯಾಗಿತ್ತು. ಭೂಮಿಯ ಬಹುಪಾಲು ಬಿಳಿಯ ಜಮೀನ್ದಾರರದು; ದುಡಿಮೆ ಪಾಲಿಗೆ ಸಾಗುವಳಿ ಮಾಡುತ್ತಿದ್ದ ಕಪ್ಪು ಒಕ್ಕಲುಗಳದು.

1933ರಲ್ಲಿ ಹತ್ತಿಯ ಬೆಲೆ ನೆಲಕಚ್ಚಿದ್ದಾಗ ರೂಸ್‌ವೆಲ್ಟ್ ಸರ್ಕಾರ ಹೊಸ ಕಾಯ್ದೆ ತಂದು, ಬೆಳೆ ತಗ್ಗಿಸಿದವರಿಗೆ ಹಣ ಕೊಡತೊಡಗಿತು. ಆ ಬೇಸಿಗೆಯಲ್ಲಿ ಸುಮಾರು 1 ಕೋಟಿ ಎಕರೆ ನಿಂತ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಲಾಯಿತು. ಗಿಡ ತುಳಿಯದಂತೆ ಸಾಲಿನ ನಡುವೆ ನಡೆದು ಪಳಗಿದ್ದ ಹೇಸರಗತ್ತೆಗಳು ಗಿಡದ ಮೇಲೆ ಕಾಲಿಡಲು ಒಪ್ಪಲಿಲ್ಲವಂತೆ! ಮುಂದಿನ ಎರಡು ವರ್ಷಗಳ ಕರಾರಿನ ಲೆಕ್ಕ ಇನ್ನೂ ವಿಚಿತ್ರ. ಬೆಳೆಯದೆ ಬಿಟ್ಟ ಪ್ರತಿ ಪೌಂಡ್ ಹತ್ತಿಗೆ ನೆಲದ ಬಾಡಿಗೆಯೆಂದು ಮೂರೂವರೆ ಸೆಂಟು, ಬೆಲೆಯ ಕೊರತೆ ತುಂಬಲು ಒಂದು ಸೆಂಟು. ಬಾಡಿಗೆಯಷ್ಟೂ ಒಡೆಯನಿಗೆ. ಉಳಿದ ಒಂದು ಸೆಂಟಿನಲ್ಲಿ ಅರ್ಧ ಮಾತ್ರ ಪಾಲಿನ ಒಕ್ಕಲಿಗೆ. ಅದೂ ಎಷ್ಟೋ ಕಡೆ ಹಳೆಯ ಸಾಲಕ್ಕೆ ವಜಾ.

ನೆಲ ಬೀಳು ಬಿದ್ದ ಮೇಲೆ ಒಕ್ಕಲು ಏತಕ್ಕೆ? ಅನೇಕ ಕುಟುಂಬಗಳನ್ನು ಎಬ್ಬಿಸಲಾಯಿತು. ಅದೇ ಹಣದಲ್ಲಿ ಟ್ರ್ಯಾಕ್ಟರ್ ಬಂತು. ನೆರೆಯ ಅರ್ಕಾನ್ಸಾ ರಾಜ್ಯದ ಟೈರೊಂಜಾದಲ್ಲಿ 1934ರಲ್ಲಿ ಬಿಳಿಯರೂ ಕಪ್ಪು ಜನರೂ ಕೂಡಿ ಗೇಣಿದಾರರ ಸಂಘ ಕಟ್ಟಿದ್ದು ಈ ಅನ್ಯಾಯದ ವಿರುದ್ಧವೇ.

ಸನ್‌ಫ್ಲವರ್ ಕೌಂಟಿಯ ಡಾಡ್ಸ್‌ವಿಲ್ ಬಳಿ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅವರಿಗೆ 5,000 ಎಕರೆಗೂ ಮಿಕ್ಕಿದ ತೋಟವಿತ್ತು. ಕಪ್ಪು ಜನರ ಹಕ್ಕುಗಳನ್ನು ಕಡುವಾಗಿ ವಿರೋಧಿಸಿದ ಈ ಸೆನೆಟರರು ಸೆನೆಟ್ಟಿನ ಕೃಷಿ ಸಮಿತಿಯಲ್ಲೂ ಇದ್ದರು. 1967ರಲ್ಲಿ ಅವರ ತೋಟಕ್ಕೆ ಬಂದ ಸರ್ಕಾರಿ ಹಣ ಒಂದೂವರೆ ಲಕ್ಷ ಡಾಲರಿಗೂ ಹೆಚ್ಚು. 1970ರ ಕಾಯ್ದೆ ಒಬ್ಬರಿಗೆ ಒಂದು ಬೆಳೆಗೆ 55,000 ಡಾಲರಿನ ಮಿತಿ ಹಾಕಿತು. ದೊಡ್ಡ ಹಿಡುವಳಿದಾರರು ಭೂಮಿಯನ್ನು ಕಾಗದದ ಮೇಲೆ ಮಕ್ಕಳು, ನೆಂಟರ ಹೆಸರಿಗೆ ಹಂಚಿದರು. ಭೂಸುಧಾರಣೆಯ ಕಾಲವನ್ನು ಕಂಡ ಹಿರಿಯರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ.

ಅದೇ ಕೌಂಟಿಯ ರೂಲ್‌ವಿಲ್‌ನವರು ಫ್ಯಾನಿ ಲೂ ಹೇಮರ್. ಒಂದೇ ತೋಟದಲ್ಲಿ 18 ವರ್ಷ ದುಡಿದ ಆಕೆ 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಂಡಿಯನೋಲಾಕ್ಕೆ ಹೋದರು. ಅಂದೇ ತೋಟದಿಂದ ಹೊರದೂಡಲ್ಪಟ್ಟರು. 1969ರಲ್ಲಿ ಆಕೆ 40 ಎಕರೆಯಲ್ಲಿ ಫ್ರೀಡಮ್ ಫಾರ್ಮ್ ಸಹಕಾರಿಯನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು ಸುಮಾರು 680 ಎಕರೆಯಾಯಿತು. ಬಡವರಿಗೆ ತರಕಾರಿ ಬೆಳೆದುಕೊಟ್ಟರು. ಹಂದಿ ಬ್ಯಾಂಕ್ ನಡೆಸಿದರು: ಕುಟುಂಬಕ್ಕೊಂದು ಹೆಣ್ಣುಹಂದಿ, ಅದು ಈದ ಮೇಲೆ ಎರಡು ಮರಿಗಳನ್ನು ಬ್ಯಾಂಕಿಗೆ ಮರಳಿಸಬೇಕು, ಅವು ಇನ್ನೊಂದು ಮನೆಗೆ. ಈ ಸಹಕಾರಿ ಬಹುಮಟ್ಟಿಗೆ ನಿಂತಿದ್ದು ದಾನಿಗಳ ನೆರವಿನ ಮೇಲೆ. ಹವಾಮಾನ ಕೈಕೊಟ್ಟು, ಸಾಲ ತೆರಿಗೆಗಳು ಏರಿ, 1970ರ ದಶಕದ ಮಧ್ಯದಲ್ಲಿ ಭೂಮಿ ಕೈತಪ್ಪಿತು. 1977ರಲ್ಲಿ ಹೇಮರ್ ತೀರಿಕೊಂಡರು.

ಮುಂದೆ ಕಾಯ್ದೆಗಳು ಬದಲಾದವು, ಅಳತೆ ಅಷ್ಟಾಗಿ ಬದಲಾಗಲಿಲ್ಲ. 1996ರಿಂದ ಹಳೆಯ ಸಾಗುವಳಿಯ ದಾಖಲೆಯ ಎಕರೆಗಳ ಮೇಲೆ, ಬಿತ್ತಲಿ ಬಿಡಲಿ, ನೇರ ಪಾವತಿ ನಡೆಯಿತು. 2014ರಲ್ಲಿ ಅದು ನಿಂತು, ಬೆಳೆ ವಿಮೆಯ ಕಂತಿನ ಸಹಾಯಧನಕ್ಕೆ ಒತ್ತು ಬಂತು. ಅದಕ್ಕೆ ತಲಾ ಮಿತಿಯೇ ಇಲ್ಲ.

ಸಾಲ, ಸಹಾಯಧನಗಳಲ್ಲಿ ಕೌಂಟಿ ಮಟ್ಟದ ಸಮಿತಿಗಳ ಮಾತು ನಡೆಯುತ್ತಿತ್ತು. ಅಲ್ಲಿ ಕಪ್ಪು ರೈತರಿಗೆ ಸ್ಥಾನ ವಿರಳ. ತಾರತಮ್ಯವನ್ನು ಪ್ರಶ್ನಿಸಿ ಅವರು 1997ರಲ್ಲಿ ಹೂಡಿದ ದಾವೆ 1999ರಲ್ಲಿ ರಾಜಿಯಾಯಿತು. 2022ರ ಇನ್ನೊಂದು ಕಾಯ್ದೆಯಡಿ, ಕೃಷಿ ಸಾಲದಲ್ಲಿ ತಾರತಮ್ಯಕ್ಕೊಳಗಾದ 43,000ಕ್ಕೂ ಹೆಚ್ಚು ಮಂದಿಗೆ 2024ರಲ್ಲಿ ಸುಮಾರು 200 ಕೋಟಿ ಡಾಲರ್ ಸಂದಿತು. ಹಣ ಪಡೆದವರು ಅತಿ ಹೆಚ್ಚಾಗಿದ್ದುದು ಮಿಸಿಸಿಪ್ಪಿ, ಅಲಬಾಮಾ ರಾಜ್ಯಗಳಲ್ಲಿ. ಆ ವೇಳೆಗೆ ಎಷ್ಟೋ ಮನೆಗಳಲ್ಲಿ ಉಳಲು ನೆಲವೇ ಉಳಿದಿರಲಿಲ್ಲ.