ನೇಮಕಾತಿ ಪತ್ರದ ಒಂದು ಸಾಲು

ನೇಮಕಾತಿ ಪತ್ರವೆಂಬುದು ಸಾಹಿತ್ಯದ ಮೇಷ್ಟರಿಗೆ ರುಚಿಸುವ ಬರಹವಲ್ಲ. ಆದರೂ ಕರಾವಳಿಯ ಕಾಲೇಜೊಂದರಲ್ಲಿ ಮೂರು ದಶಕಗಳ ಕಾಲ ಕನ್ನಡ ಪಾಠ ಹೇಳಿದ ನಾನು ಅಂಥ ಪತ್ರಗಳನ್ನು ಸಾಕಷ್ಟು ಓದಿದ್ದೇನೆ. ಕೊಲ್ಲಿ ನಾಡುಗಳಿಗೆ ಹೊರಟು ನಿಂತ ಹಳೆಯ ವಿದ್ಯಾರ್ಥಿಗಳು, 'ಇದರಲ್ಲಿ ಏನಾದರೂ ಮೋಸವಿದೆಯೇ ನೋಡಿ ಸಾರ್' ಎಂದು ತಂದು ಕೈಗಿಡುತ್ತಿದ್ದರು. ಸಂಬಳ, ವಸತಿ, ಊರಿಗೆ ಬರುವ ವಿಮಾನದ ಟಿಕೇಟು, ಇಷ್ಟನ್ನು ಅವರೇ ನೋಡಿಕೊಂಡಿರುತ್ತಿದ್ದರು. ಮಕ್ಕಳ ಶಾಲೆಯ ಖರ್ಚಿನ ಬಗ್ಗೆ ಒಂದು ಸಾಲು ಇದೆಯೋ ಇಲ್ಲವೋ ಎಂದು ಹುಡುಕುವ ಬುದ್ಧಿ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಬಹುಮಂದಿಗೆ ಆಗ ಮದುವೆಯೇ ಆಗಿರಲಿಲ್ಲ.

ಆ ಒಂದು ಸಾಲಿನ ಬೆಲೆ ಎಷ್ಟೆಂಬುದು ಹತ್ತು ವರ್ಷದ ಮೇಲೆ ತಿಳಿಯುತ್ತದೆ. ಸಂಯುಕ್ತ ಅರಬ್ ಸಂಸ್ಥಾನಗಳನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಸರ್ಕಾರಿ ಶಾಲೆಗಳು ಮುಖ್ಯವಾಗಿ ಆ ನಾಡಿನ ಮಕ್ಕಳಿಗಾಗಿ ಇರುವಂಥವು. ಹೊರಗಿನಿಂದ ಬಂದು ದುಡಿಯುವವನು ಶುಲ್ಕ ತೆತ್ತು ಖಾಸಗಿ ಶಾಲೆಗೇ ಮಕ್ಕಳನ್ನು ಸೇರಿಸಬೇಕಾಗುತ್ತದೆ. ದುಬೈಯ ಇಂಡಿಯನ್ ಹೈಸ್ಕೂಲು 1961ರಲ್ಲಿ ಹುಟ್ಟಿದ್ದು ಈ ಅಗತ್ಯದಿಂದಲೇ. ಈ ಶುಲ್ಕದಲ್ಲಿ ಪಾಲು ಕೊಡಬೇಕೆಂದು ಅಲ್ಲಿಯ ಕಾರ್ಮಿಕ ಕಾನೂನು ಖಾಸಗಿ ಮಾಲೀಕನನ್ನು ಕಟ್ಟುಪಾಡಿಗೆ ಒಳಪಡಿಸಿಲ್ಲ. ಒಪ್ಪಂದದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬರೆಯುವುದಾದರೂ ಸಾಮಾನ್ಯವಾಗಿ ಮೇಲಿನ ದರ್ಜೆಯವರಿಗೆ. ಅದರಲ್ಲಿಯೂ ಇಷ್ಟು ಮಕ್ಕಳಿಗೆ, ಇಷ್ಟು ಮೊತ್ತದವರೆಗೆ ಎಂಬ ಮಿತಿ ಇರುತ್ತದೆ. ಕೆಲಸ ಹೋದ ದಿನ ಆ ನೆರವೂ ಹೋಗುತ್ತದೆ, ಮಗು ಯಾವ ತರಗತಿಯ ನಡುವಿನಲ್ಲಿದ್ದರೂ ಸರಿಯೇ. ಇನ್ನು ಕೆಳಗಿನವರ ಮಾತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಡನೆ 3,000 ದಿರ್ಹಮ್ ಸಂಪಾದನೆ ಇರಬೇಕೆಂದು ಅಲ್ಲಿಯ ನಿಯಮ. 2019ರವರೆಗೆ ಸಂಬಳದ ಜೊತೆಗೆ ಹುದ್ದೆಯ ಹೆಸರನ್ನೂ ನೋಡುತ್ತಿದ್ದರು.

ಒಂದೇ ತರಗತಿಯಲ್ಲಿ ನನ್ನ ಮುಂದೆ ಕುಳಿತಿದ್ದ ಇಬ್ಬರು ಒಂದೇ ಕಂಪೆನಿಗೆ ಹೋದರು. ಒಬ್ಬನು ಲೆಕ್ಕಪತ್ರದ ಅಧಿಕಾರಿ, ಇನ್ನೊಬ್ಬನು ಉಗ್ರಾಣದ ಗುಮಾಸ್ತ. ಅಧಿಕಾರಿಯ ಪತ್ರದಲ್ಲಿ ಆ ಸಾಲು ಇದ್ದಿತು. ಅವನ ಮಗಳು ಅಲ್ಲಿಯೇ ಓದಿದಳು. ರಜೆಯಲ್ಲಿ ಊರಿಗೆ ಬಂದಾಗ ಆ ಮಗು ಬಸ್ಸಿನ ಬೋರ್ಡಿನ ಕನ್ನಡವನ್ನು ಓದಲಾರದೆ ತಂದೆಯ ಮುಖ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆಕೆ ಹಿಂದಿ ಕಲಿತಿದ್ದಳು, ಅರಬ್ಬಿಯನ್ನೂ ಕಲಿತಿದ್ದಳು. ಕನ್ನಡ ಕಲಿಸುವ ಏರ್ಪಾಡು ಆ ಶಾಲೆಯಲ್ಲಿರಲಿಲ್ಲ.

ಗುಮಾಸ್ತನ ಮಗ ಕುಂದಾಪುರದ ಕಡೆಯ ಹಳ್ಳಿಯಲ್ಲಿ ಅಜ್ಜಿಯ ಬಳಿ ಬೆಳೆದು, ಮುಂದೆ ನನ್ನ ತರಗತಿಗೇ ಬಂದನು. ಅವನು ಬರೆಯುತ್ತಿದ್ದ ಕನ್ನಡವನ್ನು ಓದುವುದೇ ಒಂದು ಸುಖ. ತಂದೆ ರಜೆಯಲ್ಲಿ ಬಂದು ನನ್ನನ್ನು ಕಂಡಾಗ ಉತ್ಸಾಹದಿಂದ ಹೇಳಿದೆ: 'ನಿನ್ನ ಮಗನ ಭಾಷೆ ನೋಡಯ್ಯಾ! ಅವನನ್ನು ಊರಿನಲ್ಲೇ ಬಿಟ್ಟದ್ದು ಒಳ್ಳೆಯದೇ ಆಯಿತು.' ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೌದು ಸಾರ್. ಆದರೆ ನಾನು ಫೋನ್ ಮಾಡಿದರೆ, ಅಜ್ಜಿಗೆ ಕೊಡುತ್ತೇನೆ ಅನ್ನುತ್ತಾನೆ' ಎಂದನು. ನನ್ನ ಕನ್ನಡಾಭಿಮಾನಕ್ಕೆ ಅಂದಿನಷ್ಟು ನಾಚಿಕೆ ಎಂದೂ ಆದದ್ದಿಲ್ಲ. ಆತ ಮಗನನ್ನು ಊರಿನಲ್ಲಿ ಬಿಟ್ಟದ್ದು ಭಾಷೆಯ ಮೇಲಿನ ಪ್ರೀತಿಯಿಂದಲ್ಲ. ಜೊತೆಯಲ್ಲಿರಿಸಿಕೊಂಡು ಶುಲ್ಕ ಕಟ್ಟಲಾರದೆ.

ಹಾಗಾದರೆ ಈ ಹೊಣೆಯನ್ನು ಮಾಲೀಕನು ಏಕೆ ಹೊರಬೇಕೆಂದು ಕೇಳುವವರಿದ್ದಾರೆ. ನಮ್ಮಲ್ಲಿ ಇದು ಕೇಳರಿಯದ ಮಾತೇನೂ ಅಲ್ಲ. ತೋಟದಲ್ಲಿ ದುಡಿಯುವವರ 6ರಿಂದ 12 ವರ್ಷದ ಮಕ್ಕಳು 25ಕ್ಕೆ ಮಿಕ್ಕಿದ್ದರೆ ಅವರ ವಿದ್ಯೆಗೆ ಮಾಲೀಕನೇ ಏರ್ಪಾಡು ಮಾಡುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದೆಂದು 1951ರ ತೋಟಗಾರಿಕಾ ಕಾರ್ಮಿಕರ ಕಾಯಿದೆ ಹೇಳಿತ್ತು. ನಮ್ಮ ಕಾಫಿ ತೋಟಗಳೂ ಆ ಕಾಯಿದೆಯ ವ್ಯಾಪ್ತಿಯೊಳಗಿದ್ದವು. ಮನೆಮಾರು ಬಿಟ್ಟು ಬರುವ ದುಡಿಮೆಗಾರನ ಮಗುವೂ ಜೊತೆಗೆ ಬರುತ್ತದೆ ಎಂಬ ಸರಳ ಸಂಗತಿಯನ್ನು ಆ ಕಾನೂನು ಗುರುತಿಸಿತ್ತು.

ಇದಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ವಿಶ್ವಸಂಸ್ಥೆಯ ಸಿಬ್ಬಂದಿ ನಿಯಮಗಳ ಒಂದು ವಿಧಿ. ತಾಯ್ನಾಡಿನ ಹೊರಗೆ ಸೇವೆಯಲ್ಲಿರುವ ತನ್ನ ಅಂತರರಾಷ್ಟ್ರೀಯ ನೌಕರರ ಮಕ್ಕಳಿಗೆ ಆ ಸಂಸ್ಥೆ ಶಿಕ್ಷಣಧನ ಕೊಡುತ್ತದೆ. ಮಗು ಮುಂದೆ ತನ್ನ ನಾಡಿಗೆ ಮರಳಿದರೆ ಅಲ್ಲಿ ಮತ್ತೆ ಹೊಂದಿಕೊಳ್ಳಬೇಕೆಂಬುದು ಅದರ ಮೂಲ ಉದ್ದೇಶ. ಅಷ್ಟೇ ಅಲ್ಲ; ನೌಕರನು ತನ್ನದಲ್ಲದ ಭಾಷೆಯ ದೇಶದಲ್ಲಿದ್ದು, ಮಗು ಅಲ್ಲಿಯ ಶಾಲೆಯಲ್ಲಿ ಬೇರೆ ನುಡಿಯಲ್ಲಿ ಕಲಿಯುತ್ತಿದ್ದರೆ, ಮಗುವಿಗೆ ತಾಯ್ನುಡಿ ಹೇಳಿಸಲು ತೆರುವ ಶುಲ್ಕಕ್ಕೂ ನೆರವು ಕೊಡಲು ಆ ವಿಧಿಯಲ್ಲಿ ಅವಕಾಶವಿದೆ. ತಾಯ್ನುಡಿಯ ಪಾಠದ ಖರ್ಚನ್ನು ಕೆಲಸಕ್ಕಿಟ್ಟುಕೊಂಡವರ ಲೆಕ್ಕಕ್ಕೆ ಬರೆಯಬಹುದೆಂಬುದು, ಜೀವಮಾನವೆಲ್ಲ ಆ ನುಡಿಯನ್ನೇ ಪಾಠ ಹೇಳಿದ ನನಗೆ ಹೊಳೆದಿರಲಿಲ್ಲ! ದುಬೈಯಲ್ಲಿ ಕನ್ನಡಿಗರೇ ಕೂಡಿ ಮಕ್ಕಳಿಗಾಗಿ ಕನ್ನಡ ಪಾಠಶಾಲೆಯನ್ನು ನಡೆಸುತ್ತಿರುವುದು ಶ್ಲಾಘ್ಯ. ಆದರೆ ಅಲ್ಲಿಗೆ ಬರುವುದಕ್ಕೂ ಮಗು ಮೊದಲು ಆ ನಾಡಿನಲ್ಲಿರಬೇಕಲ್ಲವೇ?

ನಿವೃತ್ತಿಯ ನಂತರವೂ ಒಬ್ಬಿಬ್ಬರು ಪತ್ರ ಹಿಡಿದು ಬರುವುದುಂಟು. ಈಗ ನಾನು ಮೊದಲು ಹುಡುಕುವುದು ಆ ಸಾಲನ್ನೇ. ಕಾಣದಿದ್ದರೆ, ರುಜು ಹಾಕುವ ಮುನ್ನ ಕೇಳಿ ಎನ್ನುತ್ತೇನೆ. ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಧೈರ್ಯ ಮಾಡಿ ಕೇಳಿಯೇ ಬಿಟ್ಟಳು. ಇಬ್ಬರು ಮಕ್ಕಳಲ್ಲಿ ಒಬ್ಬರ ಅರ್ಧ ಶುಲ್ಕ ಕೊಡಲು ಒಪ್ಪಿದರಂತೆ. ಕನ್ನಡದ ಪಾಠದ ಮಾತನ್ನೂ ಎತ್ತಿದೆಯಾ ಎಂದೆ. 'ಅದನ್ನು ಹೇಗೆ ಕೇಳುವುದು ಸಾರ್!' ಎಂದು ನಕ್ಕಳು.