ಬೆಂಕಿಯ ಗಂಟೆ, ಚೌಕಶಿಯ ಕಾಗದ



ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕಾಗದದಲ್ಲಿ ಇಂಗ್ಲಿಷು. ಅಕ್ಕಲಕೋಟ, ಸೊಲ್ಲಾಪುರ ಕಡೆಯ ನಮ್ಮ ನೌಕರದಾರರ ಬಾಳು ಇದು. 'ಕಾರಣೇ ದಾಖವಾ' ನೋಟೀಸು ಕೈಗೆ ಬಂದರೆ ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಯಾರೂ ಕೇಳುವುದಿಲ್ಲ, ಎದೆ ಧಸಕ್ಕೆನ್ನುತ್ತದೆ. ಅಂಥದೇ ಒಂದು ನೋಟೀಸಿನ ವಿಷಯವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಬೆಂಕಿಯ ಅಲಾರಂ ಕೂಗಿದಾಗ ಏಳದೆ ಕುಳಿತವನ ಮೇಲೆ ಶಿಸ್ತಿನ ಕ್ರಮ ಬಂದರೆ ಏನಾಗುತ್ತದೆ, ಅವನು ಏನು ಮಾಡಬೇಕು ಎಂಬ ವಿಷಯ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದು ಮ್ಯಾಟ್ರಿಕ್ ಅಷ್ಟೇ. ಆದರೆ ನೌಕರರ ಸಂಘದ ಪರವಾಗಿ ನಾಲ್ಕಾರು ಚೌಕಶಿಗಳಲ್ಲಿ ಆರೋಪಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೇನೆ. ಅವುಗಳಲ್ಲಿ ಒಂದು ಅಲಾರಂನದು. ಶಾಖೆಯ ಹೆಸರು ಬೇಡ, ಆತನ ಹೆಸರೂ ಬೇಡ.

ಆತ ಸಿಪಾಯಿ. ಮಧ್ಯಾಹ್ನ ಊಟದ ಹೊತ್ತಿಗೆ ಗೋಡೆಯ ಪೆಟ್ಟಿಗೆ ಕೂಗತೊಡಗಿತು. ಎದ್ದು ಹೋಗಿ ಸದ್ದು ನಿಲ್ಲಿಸುವ ಗುಂಡಿ ಒತ್ತಿದ, ಬಂದು ಬುತ್ತಿ ಬಿಚ್ಚಿದ. ಹಾಗೆ ಮಾಡಿದ್ದು ಅದೇ ಮೊದಲಲ್ಲ. ಹೊಗೆಯನ್ನು ಗುರುತಿಸುವ ಆ ಸಣ್ಣ ಯಂತ್ರಕ್ಕೆ ಬೆಂಕಿಯ ಹೊಗೆ ಯಾವುದು, ಊದಿನಕಡ್ಡಿಯ ಹೊಗೆ ಯಾವುದು ತಿಳಿಯದು. ಧೂಳು ಕೂತರೂ ಕೂಗುತ್ತದೆ, ಹುಳ ಹೊಕ್ಕರೂ ಕೂಗುತ್ತದೆ. ನಮ್ಮ ಕಡೆಯ ಬೇಸಿಗೆಯ ಧೂಳು ನಿಮಗೆ ಗೊತ್ತಿದ್ದದ್ದೇ. ದೀಪಾವಳಿಯ ಲಕ್ಷ್ಮೀಪೂಜೆಯ ದಿನವಂತೂ ಆರತಿಯ ಜೊತೆಗೇ ಕೂಗುತ್ತಿತ್ತು. ಪ್ರತಿ ಸಲವೂ ಒಳಗಿನಿಂದ "ಬಂದ್ ಮಾಡೋ ಅದನ್ನ" ಎಂಬ ಧ್ವನಿ. ಆ ದಿನ ಮಾತ್ರ ಹಿಂದಿನ ಕೋಣೆಯಲ್ಲಿ ಬ್ಯಾಟರಿಯ ವಾಯರು ನಿಜವಾಗಿಯೂ ಸುಡುತ್ತಿತ್ತು. ಪಕ್ಕದಲ್ಲೇ ಹಳೆಯ ವೋಚರುಗಳ ಗಂಟು. ಹೊಗೆ ಕೌಂಟರಿನವರೆಗೆ ಬಂದಾಗ ಎಲ್ಲರೂ ಓಡಿದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಕಾಗದಗಳು ಸುಟ್ಟವು.

ಕೆಲವೇ ದಿನಗಳಲ್ಲಿ ಆತನ ಕೈಗೆ ಇಂಗ್ಲಿಷ್ ನೋಟೀಸು ಬಂತು. ಆತ "ಚೂಕ ಝಾಲೀ, ಮಾಫ ಕರಾ" ಎಂದು ಮರಾಠಿಯಲ್ಲಿ ಒಂದು ಸಾಲು ಗೀಚಿ ಕೊಡಲು ಹೊರಟಿದ್ದ. ಸಾಹೇಬರು ಒಳ್ಳೆಯವರು, ಬಿಟ್ಟುಬಿಡುತ್ತಾರೆ ಎಂಬ ನಂಬಿಕೆ. ನಾನು ಕೈ ಹಿಡಿದು ನಿಲ್ಲಿಸಿದೆ. ಸಾಹೇಬರು ಒಳ್ಳೆಯವರೇ ಇರಬಹುದು. ಆದರೆ ಫೈಲು ಅವರ ಮೇಜಿನಿಂದ ಮೇಲಿನ ಕಚೇರಿಗೆ ಹೋದಾಗ ಈ ಒಂದು ಸಾಲು ಪೂರ್ಣ ಒಪ್ಪಿಗೆಯಾಗಿ ನಿಲ್ಲುತ್ತದೆ.

ನೋಟೀಸಿನ ಹಿಂದೆ ಆರೋಪಪಟ್ಟಿಯೂ ಬಂತು. ಅದರಲ್ಲಿ ನೋಡಬೇಕಾದ ಶಬ್ದ ಒಂದೇ. ಆರೋಪ ದೊಡ್ಡ ತಪ್ಪಿನದೋ, ಸಣ್ಣ ತಪ್ಪಿನದೋ? ಬ್ಯಾಂಕ್ ನೌಕರರ ಶಿಸ್ತುಕ್ರಮಕ್ಕೆ ಆಗ ನಮಗೆ ಆಧಾರವಾಗಿದ್ದದ್ದು 2002ರ ಏಪ್ರಿಲ್ 10ರ ಒಪ್ಪಂದ. ಬ್ಯಾಂಕಿಗೆ ಭಾರೀ ನಷ್ಟ ತರುವಂಥ ನಿರ್ಲಕ್ಷ್ಯ ದೊಡ್ಡ ತಪ್ಪು, ಅದಕ್ಕೆ ಬಡತರ್ಫಿಯವರೆಗೂ ಶಿಕ್ಷೆ. ಕೆಲಸದಲ್ಲಿ ಸಾಮಾನ್ಯ ನಿರ್ಲಕ್ಷ್ಯ ಸಣ್ಣ ತಪ್ಪು, ಅದಕ್ಕೆ ಎಚ್ಚರಿಕೆ, ಇಲ್ಲವೆ ಹೆಚ್ಚೆಂದರೆ ಆರು ತಿಂಗಳ ಇನ್‌ಕ್ರಿಮೆಂಟ್ ತಡೆ. ಒತ್ತಿದ ಗುಂಡಿ ಒಂದೇ. ಅದಕ್ಕೆ ಯಾವ ಹೆಸರು ಇಡುತ್ತಾರೆ ಎಂಬುದರ ಮೇಲೆ ಒಂದು ಸಂಸಾರದ ಅನ್ನ ನಿಂತಿರುತ್ತದೆ. ಆತನಿಗೆ ಬಂದದ್ದು ದೊಡ್ಡ ತಪ್ಪಿನ ಆರೋಪ.

ಅದೇ ಒಪ್ಪಂದ ನೌಕರನಿಗೆ ಸಂಘದ ಪ್ರತಿನಿಧಿಯ ನೆರವು ಕೊಡುತ್ತಿತ್ತು, ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕು ಕೊಡುತ್ತಿತ್ತು. ನಾವು ಕೇಳಿದ್ದು ಸಾದಾ ಪ್ರಶ್ನೆಗಳು. ಈ ಯಂತ್ರದ ದುರಸ್ತಿಯ ಕರಾರು ಎಂದು ಮುಗಿಯಿತು? ಸುಳ್ಳು ಅಲಾರಂ ಬಗ್ಗೆ ಮೇಲಿನವರಿಗೆ ಪತ್ರ ಹೋಗಿತ್ತೇ? ಅಲಾರಂ ಕೂಗಿದರೆ ಏನು ಮಾಡಬೇಕೆಂದು ಸಿಪಾಯಿಗೆ ತಿಳಿಯುವ ಭಾಷೆಯಲ್ಲಿ ಯಾರು, ಯಾವ ದಿನ ಹೇಳಿದರು? ಆ ಸದ್ದು ಕೇಳಿ ಕುರ್ಚಿಯಿಂದ ಎದ್ದವರು ಎಷ್ಟು ಜನ? ಕೊನೆಯ ಪ್ರಶ್ನೆಗೆ ಸಾಕ್ಷಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಕರಾರು ಮುಗಿದು ತಿಂಗಳುಗಳಾಗಿದ್ದವು, ಪತ್ರದ ಪ್ರತಿ ಜಾವಕ ರಜಿಸ್ಟರಿನಲ್ಲಿ ಸಿಕ್ಕಿತು. ದೊಡ್ಡ ತಪ್ಪು ಸಣ್ಣ ತಪ್ಪಾಯಿತು, ಆರು ತಿಂಗಳ ಇನ್‌ಕ್ರಿಮೆಂಟ್ ನಿಂತಿತು. ಆತನಿಗೆ ಅದೂ ಅನ್ಯಾಯವೆಂದೇ ಅನಿಸಿತು. ನನಗೆ ಹಾಗೆ ಅನಿಸಲಿಲ್ಲ. ಗುಂಡಿ ಒತ್ತುವ ಮುಂಚೆ ಹಿಂದಿನ ಕೋಣೆಯ ಬಾಗಿಲು ತೆರೆದು ನೋಡಲು ಎರಡು ನಿಮಿಷ ಸಾಕಾಗಿತ್ತು. ಆದರೆ "ಬಂದ್ ಮಾಡೋ" ಎಂದ ಧ್ವನಿಗೆ ಒಂದು ನೋಟೀಸೂ ಬರಲಿಲ್ಲ, ಅದು ಮಾತ್ರ ಅನ್ಯಾಯವೇ.

ಹಾಗೆಂದು ಸಣ್ಣ ನೌಕರನಿಗೆ ಎಲ್ಲ ಮಾಫಿ ಎಂದು ತಿಳಿಯಬೇಡಿ. ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತರು. ಅಲ್ಲಿಯ ಟ್ರಾನ್ಸ್‌ಫಾರ್ಮರಿಗೆ ಅದೇ ದಿನ ಬೆಳಿಗ್ಗೆ ಒಮ್ಮೆ ಬೆಂಕಿ ಹತ್ತಿತ್ತು, ತೇಪೆ ಹಾಕಿ ಮಧ್ಯಾಹ್ನದ ಆಟ ನಡೆಸಿದರು. 2007ರಲ್ಲಿ ನ್ಯಾಯಾಲಯ 12 ಜನರನ್ನು ತಪ್ಪಿತಸ್ಥರೆಂದಿತು. ಅವರಲ್ಲಿ ಮಾಲೀಕರೂ ಇದ್ದರು, ಬಾಗಿಲು ಕಾಯುವವನೂ ಇದ್ದ. ಅಷ್ಟು ದೂರವೇಕೆ? 2025ರ ಮೇ 18ರ ಬೆಳಗಿನ ಜಾವ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ.ಯಲ್ಲಿ ಟವೆಲಿನ ಕಾರಖಾನೆಗೆ ಬೆಂಕಿ ಬಿದ್ದು ಎಂಟು ಜನ ತೀರಿಕೊಂಡರು. ಮಾಲೀಕರ ಮನೆಯವರೂ ಕೆಲಸಗಾರರೂ ಒಟ್ಟಿಗೆ. ನೂಲು, ಅರಳೆ ಇರುವ ಜಾಗದಲ್ಲಿ ಬೆಂಕಿ ಯೋಚನೆಗೆ ಸಮಯ ಕೊಡುವುದಿಲ್ಲ.

ನಮ್ಮ ಹಳ್ಳಿಗಳಿಂದ ಗಿರಣಿ, ದವಾಖಾನೆ, ಗೋದಾಮುಗಳ ಪಾಳಿಗೆ ಹೋಗುವ ತಮ್ಮಂದಿರು, ತಂಗಿಯರು ಇದನ್ನು ಕೇಳುತ್ತಿರಬಹುದು. ಅಲಾರಂ ಕೂಗಿದರೆ ಸುಳ್ಳೆಂದು ಗೊತ್ತಾಗುವವರೆಗೆ ಅದು ನಿಜವೇ. ಎದ್ದು ಹೊರಗೆ ಬನ್ನಿ, ಬರುತ್ತ ಪಕ್ಕದವರನ್ನೂ ಎಬ್ಬಿಸಿ, ಲಿಫ್ಟು ಹತ್ತಬೇಡಿ, 101ಕ್ಕೆ ಫೋನು ಮಾಡಿ. ಸದ್ದು ನಿಲ್ಲಿಸಲು ಯಾರಾದರೂ ಹೇಳಿದರೆ "ಒಮ್ಮೆ ನೋಡಿ ಬರೋಣ ನಡೀರಿ ಸಾಹೇಬರೆ" ಎನ್ನಿ, ಅದರಲ್ಲಿ ಅವಿಧೇಯತೆ ಏನೂ ಇಲ್ಲ. ಸುಳ್ಳಾಗಿ ಕೂಗಿದ ಪ್ರತಿ ದಿನದ ತಾರೀಖನ್ನು ರಜಿಸ್ಟರಿನಲ್ಲಿ ಬರೆಸಿ. ನನ್ನ ಅನುಭವದಲ್ಲಿ ಚೌಕಶಿಯಲ್ಲಿ ಬಾಯಿಮಾತಿಗಿಂತ ತಾರೀಖು ಹೆಚ್ಚು ಮಾತಾಡುತ್ತದೆ.

ನೋಟೀಸು ಬಂದೇ ಬಂದರೆ ತೆಗೆದುಕೊಳ್ಳದೆ ಓಡಾಡಬೇಡಿ. ಮುಟ್ಟಿದ ತಾರೀಖು ಹಾಕಿ ಸಹಿ ಮಾಡಿ. ಓದಲು ಬಾರದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯ ಪ್ರತಿ ಬೇಕೆಂದು ಬರೆದೇ ಕೇಳಿ, ವೇಳೆ ಸಾಲದಿದ್ದರೆ ಅದನ್ನೂ ಬರೆದೇ ಕೇಳಿ. ಉತ್ತರದಲ್ಲಿ ನಡೆದದ್ದನ್ನು ನಡೆದಂತೆ ಬರೆಯಿರಿ. ಒತ್ತಿದ ಗುಂಡಿಯನ್ನು ಒತ್ತಿಲ್ಲವೆಂದು ಬರೆದರೆ ಎರಡನೆಯ ಆರೋಪ ಕಾದಿರುತ್ತದೆ. ಕೊಟ್ಟ ಪ್ರತಿಯೊಂದು ಕಾಗದದ ನಕಲಿನ ಮೇಲೆ ಪೋಚ್ ಪಡೆದುಕೊಳ್ಳಿ. ಆ ನಕಲು ಮನೆಯ ಟ್ರಂಕಿನಲ್ಲಿರಲಿ, ಕಾರಖಾನೆಯ ಕಪಾಟಿನಲ್ಲಿ ಬೇಡ.